ಗೇಮ್ ಆಡಲ್ಲ, ಮ್ಯೂಸಿಕ್ ಮಾತ್ರ: ಒಂದು ಆ್ಯಪ್, ಕೆಲವು ಸೌಂಡ್‌ಟ್ರ್ಯಾಕ್‌ಗಳ ರಿವ್ಯೂ

ನನ್ನ ಹತ್ತಿರ ಪ್ಲೇಸ್ಟೇಷನ್ ಇಲ್ಲ. ಎಕ್ಸ್‌ಬಾಕ್ಸ್ ಇಲ್ಲ. ಮೊಬೈಲಿನಲ್ಲಿ ಒಂದೇ ಒಂದು ಗೇಮ್ ಇದೆ, ಅದೂ ತಂಗಿಯ ಮಗ ಹಾಕಿಟ್ಟಿದ್ದು. ಆದರೂ ಕಳೆದ ಮದುವೆ ಸೀಸನ್ ಪೂರ್ತಿ ನಾನು ಕೇಳಿದ್ದು ಗೇಮ್ ಮ್ಯೂಸಿಕ್ಕನ್ನೇ. ಅದಕ್ಕೆ ಅಂತಲೇ ದುಡ್ಡು ಕೊಟ್ಟು ಒಂದು ಮ್ಯೂಸಿಕ್ ಆ್ಯಪ್ ಹಾಕಿಸಿಕೊಂಡೆ, ಆಮೇಲೆ ಕೆಲವು ಸೌಂಡ್‌ಟ್ರ್ಯಾಕ್‌ಗಳನ್ನು, ಅಂದರೆ ಒಂದೊಂದು ಗೇಮ್‌ನ ಸಂಗೀತದ ಆಲ್ಬಂಗಳನ್ನು, ಬಿಡಿಯಾಗಿ ಕೊಂಡೆ. ಎರಡರ ಬಗ್ಗೆಯೂ ಇಲ್ಲಿ ಬರೆಯುತ್ತಿದ್ದೇನೆ. ಆ್ಯಪ್ ಹೆಸರು ಹೇಳುವುದಿಲ್ಲ. ಅದನ್ನು ಬೈಯುವುದು ಸ್ವಲ್ಪ ಜಾಸ್ತಿಯೇ ಇದೆ, ಸುಮ್ನೆ ಯಾಕೆ.

ದಾವಣಗೆರೆಯಲ್ಲಿ ಕರಿಜ್ಮಾ ಆಲ್ಬಂ, ಅಂದರೆ ಮದುವೆ ಫೋಟೋಗಳ ಆಲ್ಬಂ, ಡಿಸೈನ್ ಮಾಡುವುದು ನನ್ನ ಕೆಲಸ. ಹರಿಹರ, ಚನ್ನಗಿರಿ, ಹೊಳಲ್ಕೆರೆ, ಚಿತ್ರದುರ್ಗದ ಸ್ಟುಡಿಯೋದವರು ಪೆನ್‌ಡ್ರೈವ್‌ನಲ್ಲಿ ಸಾವಿರಾರು ಫೋಟೋ ಸುರಿದು ಹೋಗುತ್ತಾರೆ. ಅದರಲ್ಲಿ ಆರಿಸಿ, ಬಣ್ಣ ಸರಿ ಮಾಡಿ, ಹಿಂದಿನ ಕುರ್ಚಿ, ಫ್ಯಾನು, ಬಾಯಿ ತೆರೆದು ಆಕಳಿಸುತ್ತಿರುವ ದೊಡ್ಡಪ್ಪ ಎಲ್ಲವನ್ನೂ ಅಳಿಸಿ ಶೀಟ್ ಜೋಡಿಸಬೇಕು. ಮದುಮಗಳ ಮುಂಗುರುಳಿನ ಅಂಚನ್ನು ಕತ್ತರಿಸುವಾಗ ಸಿನಿಮಾ ಹಾಡು ಹಾಕಿದರೆ ಕೆಲಸ ಕೆಟ್ಟಿತು ಅಂತಲೇ. ಸಾಹಿತ್ಯ ಕಿವಿಗೆ ಬಿದ್ದ ಕೂಡಲೇ ತಲೆ ಅದರ ಹಿಂದೆ ಹೋಗುತ್ತದೆ. ಬಾಯಿ ಹಾಡುತ್ತದೆ, ಕೈ ನಿಲ್ಲುತ್ತದೆ. ಭಾವಗೀತೆಯಾದರೆ ಇನ್ನೂ ಕಷ್ಟ. ಮಾತೇ ಇಲ್ಲದ ಶಾಸ್ತ್ರೀಯ ವಾದ್ಯ ಸಂಗೀತ ಹಾಕಿ ನೋಡಿದೆ, ಅದು ಎದುರಿಗೆ ಕೂತು ಕೇಳಬೇಕಾದ್ದು, ಹಿನ್ನೆಲೆಗೆ ಬಳಸಿದರೆ ಏನೋ ಅವಮಾನ ಮಾಡಿದ ಹಾಗೆ ಅನಿಸುತ್ತದೆ.

ಗೇಮ್ ಮ್ಯೂಸಿಕ್ ಇಲ್ಲಿಗೆ ಸರಿಯಾಗಿ ಹೊಂದಿಕೊಂಡಿತು. ಅದಕ್ಕೆ ಕಾರಣವೂ ಇದೆ. ಸಿನಿಮಾಗೆ ಹಿನ್ನೆಲೆ ಸಂಗೀತ ಮಾಡುವವರಿಗೆ ದೃಶ್ಯ ಎಷ್ಟು ಸೆಕೆಂಡ್ ಅಂತ ಮೊದಲೇ ಗೊತ್ತಿರುತ್ತದೆ. ಗೇಮ್‌ಗೆ ಮಾಡುವವರಿಗೆ ಅದು ಗೊತ್ತಿರುವುದಿಲ್ಲ. ಒಂದೇ ಜಾಗದಲ್ಲಿ ಒಬ್ಬ ಎರಡು ನಿಮಿಷ ಇರಬಹುದು, ಇನ್ನೊಬ್ಬ ದಾರಿ ಸಿಗದೆ ಎರಡು ಗಂಟೆ ಸುತ್ತಬಹುದು. ಅಷ್ಟೂ ಹೊತ್ತು ಅದೇ ಮ್ಯೂಸಿಕ್ ಸುತ್ತಿ ಸುತ್ತಿ ಬರಬೇಕು, ಬೇಜಾರಾಗಬಾರದು, ಗಮನ ಕೆಡಿಸಬಾರದು, ಆದರೆ ನಿದ್ದೆಯೂ ಬರಿಸಬಾರದು. ರಾತ್ರಿ ಕೂತು ಒಂದೇ ಥರದ ಕೆಲಸ ಮಾಡುವವನಿಗೆ ಇನ್ನೇನು ಬೇಕು ಹೇಳಿ? ಟೈಲರ್, ಡಿಟಿಪಿಯವರು, ಟ್ಯಾಲಿಯಲ್ಲಿ ಎಂಟ್ರಿ ಹಾಕುವವರು, ಪರೀಕ್ಷೆಗೆ ಓದುವವರು, ಎಲ್ಲರಿಗೂ ಇದೇ ಮಾತು ಅನ್ವಯ.

ಹಳೆಯ ಕಾಲದಲ್ಲಂತೂ ಕೈಯಲ್ಲಿ ಇದ್ದದ್ದೇ ಕಮ್ಮಿ. 1978ರ ಸ್ಪೇಸ್ ಇನ್ವೇಡರ್ಸ್‌ನಲ್ಲಿ ಇದ್ದದ್ದು ನಾಲ್ಕೇ ಸ್ವರ, ಶತ್ರುಗಳು ಕಮ್ಮಿಯಾಗಿ ಕೆಳಗೆ ಇಳಿದಷ್ಟೂ ಅವೇ ನಾಲ್ಕು ಸ್ವರ ಜೋರಾಗಿ ಓಡುತ್ತವೆ. 1985ರ ಸೂಪರ್ ಮಾರಿಯೋಗೆ ಕೋಜಿ ಕೊಂಡೋ ಮ್ಯೂಸಿಕ್ ಮಾಡಿದಾಗ ಜಪಾನಿನ ನಿಂಟೆಂಡೋ ಕಂಪನಿಯ ಆ ಗೇಮ್ ಪೆಟ್ಟಿಗೆಯ ಚಿಪ್‌ನಲ್ಲಿ ಒಟ್ಟು ಐದು ಚಾನೆಲ್, ಅಂದರೆ ಒಟ್ಟಿಗೆ ಐದೇ ದನಿ. ರಾಗಕ್ಕೆ ಎರಡು, ತಳದ ಬೇಸ್‌ಗೆ ಒಂದು, ಡ್ರಮ್ ಥರ ಸುಯ್ ಟಕ್ ಅನ್ನಿಸುವ ಗಲಾಟೆ ಶಬ್ದಕ್ಕೆ ಒಂದು, ರೆಕಾರ್ಡ್ ಮಾಡಿದ ಚೂರು ಶಬ್ದಕ್ಕೆ ಇನ್ನೊಂದು. ಮಾರಿಯೋ ಹಾರಿದಾಗ ಬರುವ ಬುಯ್ಯ್ ಶಬ್ದಕ್ಕೂ ರಾಗದ ಚಾನೆಲ್‌ನಲ್ಲೇ ಒಂದನ್ನು ಒಂದು ಕ್ಷಣ ಕಿತ್ತುಕೊಳ್ಳಬೇಕು. ಇಷ್ಟರಲ್ಲೇ ಅವರು ಮಾಡಿದ ರಾಗ 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿತು. ಆ ಪಟ್ಟಿಗೆ ಹೋದ ಮೊದಲ ಗೇಮ್ ಮ್ಯೂಸಿಕ್ ಅದೇ.

ಆದರೆ ಮಾರಿಯೋ ಬಗ್ಗೆ ನಾನು ಮಾರ್ಕ್ಸ್ ಕೊಡುವುದಿಲ್ಲ. ಚಿಕ್ಕವನಿದ್ದಾಗ ಟಿವಿ ಗೇಮ್‌ಗೆ ಹಳದಿ ಕ್ಯಾಸೆಟ್ ಊದಿ ಊದಿ ಹಾಕಿ ಆಡಿದವನು ನಾನು, ಕಾಂಟ್ರಾ ಕೂಡ. ಆ ರಾಗ ಕೇಳಿದರೆ ಬೇಸಿಗೆ ರಜೆ, ಕರೆಂಟ್ ಹೋಗುವ ಭಯ, ಅಣ್ಣನ ಜೊತೆ ರಿಮೋಟ್ ಜಗಳ ಎಲ್ಲ ಬಂದುಬಿಡುತ್ತದೆ. ರಾಗ ಚೆನ್ನಾಗಿದೆಯೋ ರಜೆ ಚೆನ್ನಾಗಿತ್ತೋ ಹೇಳುವುದು ಹೇಗೆ? ಗೇಮ್ ಮ್ಯೂಸಿಕ್ ಬಗ್ಗೆ ಬರೆಯುವವರು ಹೆಚ್ಚಿನವರು ಆಡಿದವರೇ, ಅವರ ಹೊಗಳಿಕೆಯಲ್ಲಿ ಅರ್ಧ ಆಟದ ನೆನಪಿಗೆ ಸೇರಬೇಕು. ಅದಕ್ಕೇ ಈ ರಿವ್ಯೂನಲ್ಲಿ ನಾನು ಆಡಿಲ್ಲದ ಗೇಮ್‌ಗಳನ್ನು ಮಾತ್ರ ತೆಗೆದುಕೊಂಡಿದ್ದೇನೆ. ಆಡದವನ ಕಿವಿಗೂ ನಿಂತರೆ ಅದು ಮ್ಯೂಸಿಕ್ಕಾಗಿ ನಿಂತಿದೆ ಅಂತ ಅರ್ಥ.

ಮೊದಲು ಆ್ಯಪ್. ಬೆಲೆಯ ಬಗ್ಗೆ ದೂರಿಲ್ಲ, ಇಬ್ಬರು ಕೂತು ಬೆಣ್ಣೆ ದೋಸೆ ತಿಂದು ಎದ್ದರೆ ಆಗುವಷ್ಟು ತಿಂಗಳಿಗೆ. ದೂರು ಇರುವುದು ಹುಡುಕಾಟದಲ್ಲಿ. ಗೇಮ್ ಹೆಸರು ಹಾಕಿದರೆ ಅಸಲಿ ಸೌಂಡ್‌ಟ್ರ್ಯಾಕ್ ಮೇಲೆ ಬರಬೇಕು ಅಲ್ವಾ? ಬರುವುದು ಯಾರೋ ಪಿಯಾನೋದಲ್ಲಿ ನುಡಿಸಿದ್ದು, ಯಾರೋ ನಿದ್ದೆ ಬರಲಿ ಅಂತ ನಿಧಾನ ಮಾಡಿದ್ದು, ಮಳೆ ಶಬ್ದ ಸೇರಿಸಿದ್ದು, ಮಕ್ಕಳ ಜೋಗುಳ ಮಾಡಿದ್ದು. ಕವರ್ ಚಿತ್ರ ಮಾತ್ರ ಅಸಲಿ ಥರವೇ ಇರುತ್ತದೆ. ಅಸಲಿ ಬೇಕಾದರೆ ಗೇಮ್ ಹೆಸರು ಬಿಟ್ಟು ಸಂಗೀತ ಮಾಡಿದವರ ಹೆಸರು ಹಾಕಿ ಹುಡುಕಿ. ಇದೊಂದು ಉಪಾಯ ಗೊತ್ತಾದ ಮೇಲೆ ನನ್ನ ಅರ್ಧ ತಲೆನೋವು ಹೋಯಿತು. ಹಾಗೆ ನೋಡಿದರೆ ಆ ಹೆಸರುಗಳು ಗೊತ್ತಾಗಿದ್ದೇ ಒಂದು ಲಾಭ, ಒಬ್ಬರನ್ನು ಹಿಡಿದರೆ ಅವರು ಮಾಡಿದ ಬೇರೆ ಐದಾರು ಕೆಲಸ ಸಿಗುತ್ತವೆ.

ಎರಡನೆಯ ದೂರು ಇದಕ್ಕಿಂತ ದೊಡ್ಡದು, ಆದರೆ ಇದರಲ್ಲಿ ಆ್ಯಪ್‌ನವರ ತಪ್ಪು ಪೂರ್ತಿ ಇಲ್ಲ. ಗೇಮ್ ಒಳಗೆ ನಿಲ್ಲದೆ ಸುತ್ತುವ ಮ್ಯೂಸಿಕ್ಕನ್ನು ಸೌಂಡ್‌ಟ್ರ್ಯಾಕ್ ಮಾಡುವಾಗ ಏನು ಮಾಡುತ್ತಾರೆ ಅಂದರೆ, ಅದನ್ನು ಎರಡು ಸುತ್ತು ಬಿಟ್ಟು, ನಿಧಾನಕ್ಕೆ ಸದ್ದು ಇಳಿಸಿ ಮುಗಿಸಿಬಿಡುತ್ತಾರೆ. ಒಂದೂವರೆ ನಿಮಿಷದ ರಾಗ ಮೂರು ನಿಮಿಷಕ್ಕೆ ಖಲಾಸ್. ನನಗೆ ಬೇಕಾದದ್ದು ಅದು ಮುಗಿಯದೇ ಇರುವುದು! ಒಂದೇ ಟ್ರ್ಯಾಕ್ ರಿಪೀಟ್ ಹಾಕಿದರೆ ಪ್ರತಿ ಸಲ ಸದ್ದು ಇಳಿದು, ಒಂದು ಕ್ಷಣ ಮೌನವಾಗಿ, ಮತ್ತೆ ಮೊದಲಿಂದ ಶುರುವಾಗುತ್ತದೆ. ಆ ಒಂದು ಕ್ಷಣದಲ್ಲಿ ಕೈ ಮೌಸ್ ಬಿಟ್ಟು ಫೋನಿಗೆ ಹೋಗುತ್ತದೆ, ಆಮೇಲೆ ಹತ್ತು ನಿಮಿಷ ರೀಲ್ಸ್. ಈ ಕಷ್ಟ ಗೊತ್ತಿರುವವರು ಒಬ್ಬರು ಇದ್ದಾರೆ. 2024ರ ಅಕ್ಟೋಬರ್ ಕೊನೆಗೆ ನಿಂಟೆಂಡೋದವರು ತಮ್ಮದೇ ಮ್ಯೂಸಿಕ್ ಆ್ಯಪ್ ಬಿಟ್ಟರು. ಅದರಲ್ಲಿ ಕೆಲವು ಟ್ರ್ಯಾಕ್‌ಗಳನ್ನು 15, 30, 60 ನಿಮಿಷಕ್ಕೆ ಎಳೆಯಬಹುದು, ಮಧ್ಯೆ ಎಲ್ಲೂ ಕಡಿಯುವುದಿಲ್ಲ. ಇನ್ನೂ ಆಡಿ ಮುಗಿಸದ ಗೇಮ್‌ನ ಗುಟ್ಟು ಒಡೆಯುವ ಟ್ರ್ಯಾಕ್‌ಗಳನ್ನು ಮರೆಮಾಡುವ ಸೌಲಭ್ಯವನ್ನೂ ಇಟ್ಟಿದ್ದಾರೆ. ಆದರೆ ಅದು ಅವರ ಸ್ವಿಚ್ ಗೇಮ್ ಪೆಟ್ಟಿಗೆಯ ಆನ್‌ಲೈನ್ ಚಂದಾ ಕಟ್ಟಿದವರಿಗೆ ಮಾತ್ರ. ನನ್ನ ಆ್ಯಪ್‌ನವರು ಇದನ್ನು ನೋಡಿ ಕಲಿತರೆ ಇನ್ನೂ ಒಂದು ಪ್ಲೇಟ್ ದೋಸೆ ದುಡ್ಡು ಸೇರಿಸಿ ಕೊಡುತ್ತೇನೆ.

ಷಫಲ್ ಮಾತ್ರ ದಯವಿಟ್ಟು ಹಾಕಬೇಡಿ. ಊರೊಳಗೆ ತಣ್ಣಗೆ ಕೊಳಲು ಬಾರಿಸುತ್ತಿರುವ ಟ್ರ್ಯಾಕ್ ಆದ ಕೂಡಲೇ ದೊಡ್ಡ ರಾಕ್ಷಸನ ಜೊತೆ ಹೊಡೆದಾಟದ ಟ್ರ್ಯಾಕ್ ಬಂದು ಕಿವಿಗೆ ಬಡಿಯುತ್ತದೆ. ಉದ್ದವೂ ಒಂದು ಸಮಸ್ಯೆ. 2025ರಲ್ಲಿ ಬಂದ ಕ್ಲೇರ್ ಆಬ್ಸ್‌ಕ್ಯೂರ್: ಎಕ್ಸ್‌ಪೆಡಿಷನ್ 33 ಅನ್ನುವ ಫ್ರೆಂಚ್ ಗೇಮ್‌ನ ಸೌಂಡ್‌ಟ್ರ್ಯಾಕ್ 154 ಟ್ರ್ಯಾಕ್, ಎಂಟು ಗಂಟೆ. ಲೊರಿಯನ್ ಟೆಸ್ಟಾರ್ ಅನ್ನುವವರು ಮಾಡಿದ ಮೊದಲ ಗೇಮ್ ಅದು, ಅದಕ್ಕೇ ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಪ್ರಶಸ್ತಿಯೂ ಬಂತು. ಕೇಳಲು ಸೊಗಸಾಗಿದೆ, ಹಾಡಿದವರ ದನಿ ಎದೆಗೆ ತಾಗುತ್ತದೆ. ಆದರೆ ಎಂಟು ಗಂಟೆ ಯಾರ ಹತ್ತಿರ ಇದೆ? ಆಡುವವರಿಗೆ ಅದು ಹಬ್ಬದೂಟ, ನನಗೆ ಯಾರಾದರೂ ಒಂದು ಗಂಟೆಯದ್ದು ಆರಿಸಿ ಕೊಟ್ಟರೆ ಸಾಕು. ನಾನೇ ಹದಿನೈದು ಟ್ರ್ಯಾಕ್ ಆರಿಸಿಕೊಂಡು ಪ್ಲೇಲಿಸ್ಟ್ ಮಾಡಿಕೊಂಡೆ, ಆ ಕೆಲಸಕ್ಕೆ ಆ್ಯಪ್ ನಿಜಕ್ಕೂ ಅನುಕೂಲ. ಕೊಳ್ಳುವ ಮೊದಲು ಕೇಳಿ ನೋಡುವುದಕ್ಕೂ ಅನುಕೂಲ. ಇಷ್ಟು ಹೊಗಳಿಕೆ ಸಾಕು ಅದಕ್ಕೆ.

ಈಗ ಸೌಂಡ್‌ಟ್ರ್ಯಾಕ್‌ಗಳು. ಮೈನ್‌ಕ್ರಾಫ್ಟ್‌ನಿಂದ ಶುರು ಮಾಡೋಣ, ಯಾಕೆಂದರೆ ಮನೆಯಲ್ಲಿ ಮಕ್ಕಳಿದ್ದರೆ ನೀವು ಈಗಾಗಲೇ ಗೋಡೆಯ ಆಚೆಯಿಂದ ಕೇಳಿರುತ್ತೀರಿ. ಜರ್ಮನಿಯ ಡೇನಿಯಲ್ ರೋಸೆನ್‌ಫೆಲ್ಡ್, ಸಿ418 ಅನ್ನುವ ಹೆಸರಲ್ಲಿ ಮಾಡಿದ್ದು. ವಾಲ್ಯೂಮ್ ಆಲ್ಫಾ ಅಂತ 2011ರಲ್ಲಿ ಬಂತು, 24 ಟ್ರ್ಯಾಕ್, ಒಂದು ಗಂಟೆಗೆ ಸ್ವಲ್ಪ ಕಮ್ಮಿ. ಪಿಯಾನೋದ ನಾಲ್ಕು ಸ್ವರ, ಹಿಂದೆ ಮಂಜಿನ ಥರ ಒಂದು ನಾದ, ಅಷ್ಟೇ. ಗೇಮ್ ಒಳಗೆ ಇದು ಬಿಡದೆ ಬಾರಿಸುವುದೂ ಇಲ್ಲವಂತೆ, ಒಂದು ರಾಗ ಬಂದು ಹೋದರೆ 10-20 ನಿಮಿಷ ಸುಮ್ಮನಿದ್ದು ಮತ್ತೆ ಯಾವಾಗಲೋ ಬರುತ್ತದೆ. ಅಂಗಡಿಯಲ್ಲಿ ಇದನ್ನು ಹಾಕಿದ್ದಾಗ ತಂಗಿಯ ಮಗ ಬಂದಿದ್ದ. ಬಾಗಿಲಲ್ಲೇ ನಿಂತು, 'ಮಾಮ, ಇದು ಬಂದಾಗ ರಾತ್ರಿ ಆಗ್ತಿರುತ್ತೆ, ಬೇಗ ಮನೆ ಕಟ್ಕೋಬೇಕು, ಇಲ್ಲಾಂದ್ರೆ ಜೋಂಬಿ ಬರುತ್ತೆ' ಅಂದ. ಅವನ ಮುಖದಲ್ಲಿ ನಿಜವಾದ ಗಾಬರಿ. ನನಗೆ ಅದೇ ರಾಗ ಅಂದರೆ ಮಾಯಕೊಂಡದ ಕಡೆಯ ಒಂದು ಮದುವೆ, ಅರಿಶಿನದ ಶೀಟು, ಹಳದಿ ಜಾಸ್ತಿಯಾಗಿ ಎಲ್ಲರ ಮುಖಕ್ಕೂ ಕಾಮಾಲೆ ಬಂದ ಹಾಗೆ ಕಾಣುತ್ತಿದ್ದದ್ದನ್ನು ಒಂದೊಂದಾಗಿ ಸರಿ ಮಾಡಿದ್ದು. ಅವನದ್ದು ಅವನಿಗೆ, ನನ್ನದು ನನಗೆ. 2025ರಲ್ಲಿ ಇದೂ ಆ ಲೈಬ್ರರಿ ಆಫ್ ಕಾಂಗ್ರೆಸ್ ಪಟ್ಟಿಗೆ ಸೇರಿತು. ಕಣ್ಣು ಮುಚ್ಚಿಕೊಂಡು ಖರೀದಿಸಬಹುದು.

ಎಲ್ಲಕ್ಕಿಂತ ಮೇಲೆ ನಾನು ಇಡುವುದು ಜರ್ನಿ. 2012ರ ಗೇಮ್, ಆಸ್ಟಿನ್ ವಿಂಟರಿ ಸಂಗೀತ. ಗೇಮ್ ಮುಗಿಸಲು ಎರಡು ಗಂಟೆ ಸಾಕಂತೆ, ಮರಳುಗಾಡಿನಲ್ಲಿ ಒಂದು ಆಕೃತಿ ದೂರದ ಬೆಟ್ಟದ ಕಡೆ ನಡೆಯುತ್ತಾ ಹೋಗುವುದು, ಮಾತೇ ಇಲ್ಲ. ಸಂಗೀತದಲ್ಲಿ ಒಂಟಿ ಚೆಲೋ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ಅಂದರೆ ನಡೆಯುವವನು, ಉಳಿದ ವಾದ್ಯಗಳು ಸುತ್ತಲಿನ ಲೋಕ. ಚೆಲೋ ನುಡಿಸಿದ್ದು ಟೀನಾ ಗುವೋ, ಆರ್ಕೆಸ್ಟ್ರಾ ಮ್ಯಾಸಿಡೋನಿಯಾದ್ದು. ಪೂರ್ತಿ ಸೌಂಡ್‌ಟ್ರ್ಯಾಕ್ ಒಂದೇ ರಾಗದ ಎಳೆಯ ಮೇಲೆ ನಿಂತಿದೆ. ಮೊದಲ ಟ್ರ್ಯಾಕ್‌ನಲ್ಲಿ ಚೆಲೋ ಆ ಎಳೆಯನ್ನು ಒಂಟಿಯಾಗಿ ಹೇಳುತ್ತದೆ. ಆಮೇಲೆ ಒಂದು ಗಂಟೆ ಅದು ಒಡೆಯುತ್ತದೆ, ಕಳೆದುಹೋಗುತ್ತದೆ, ಹಿಮದಲ್ಲಿ ನಡುಗುತ್ತದೆ, ಕೊನೆಗೆ ಪೂರ್ತಿ ಆರ್ಕೆಸ್ಟ್ರಾ ಸಮೇತ ಮೇಲೇಳುತ್ತದೆ. ಕೊನೆಯ ಟ್ರ್ಯಾಕ್‌ನಲ್ಲಿ ಮಾತ್ರ ಹಾಡು ಇದೆ, ಅದೂ ಬೇರೆ ಬೇರೆ ಭಾಷೆಗಳ ಸಾಲುಗಳು ಸೇರಿ. ಇದಕ್ಕೆ ಗ್ರ್ಯಾಮಿ ನಾಮನಿರ್ದೇಶನ ಸಿಕ್ಕಿತ್ತು, ಸಿನಿಮಾ ಸಂಗೀತಗಳ ಜೊತೆ ಅದೇ ಸಾಲಿನಲ್ಲಿ, ಒಂದು ಗೇಮ್‌ನ ಪೂರ್ತಿ ಸಂಗೀತಕ್ಕೆ ಅದು ಮೊದಲ ಸಲ.

ಇದನ್ನು ಕೆಲಸ ಮಾಡುತ್ತಾ ಕೇಳಬೇಡಿ ಅನ್ನುತ್ತೇನೆ. ನಾನು ಕೇಳಿದ್ದು ಬೆಳಗ್ಗೆ ಕುಂದುವಾಡ ಕೆರೆ ಏರಿಯ ಮೇಲೆ ನಡೆಯುವಾಗ, ಮತ್ತೊಂದು ಸಲ ಚಿತ್ರದುರ್ಗಕ್ಕೆ ಆಲ್ಬಂ ಕೊಟ್ಟು ಬಸ್ಸಿನಲ್ಲಿ ವಾಪಸು ಬರುವಾಗ. ಕಿಟಕಿಯಾಚೆ ಗುಡ್ಡದ ಸಾಲು, ಅದರ ಮೇಲೆ ಗಾಳಿಯಂತ್ರಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು. ಮುಂದಿನ ಸೀಟಿನವರು ಫೋನಿನಲ್ಲಿ ಅಡಿಕೆ ರೇಟು ವಿಚಾರಿಸುತ್ತಿದ್ದರು, ಅದೂ ಕೇಳುತ್ತಿತ್ತು, ಏನೂ ತೊಂದರೆ ಆಗಲಿಲ್ಲ. ಗೇಮ್ ಆಡಿದವರಿಗೆ ಆ ಹಿಮದ ಜಾಗದಲ್ಲಿ ಅಳು ಬರುತ್ತದಂತೆ. ನನಗೆ ಅಳು ಬರಲಿಲ್ಲ, ಆದರೆ ಬಸ್ಸು ದಾವಣಗೆರೆ ನಿಲ್ದಾಣಕ್ಕೆ ಬಂದ ಮೇಲೂ ಎರಡು ನಿಮಿಷ ಇಳಿಯಲಿಲ್ಲ, ಕಂಡಕ್ಟರ್ 'ಏನ್ರೀ, ಇಲ್ಲೇ ಮಲ್ಕೊಂತೀರೇನು' ಅಂದ ಮೇಲೆ ಎದ್ದೆ.

ರಾತ್ರಿ ಕೆಲಸಕ್ಕೆ ಹಾಲೋ ನೈಟ್. 2017ರದ್ದು, ಆಸ್ಟ್ರೇಲಿಯಾದ ಕ್ರಿಸ್ಟೋಫರ್ ಲಾರ್ಕಿನ್ ಮಾಡಿದ್ದು. ಹುಳುಗಳ ಹಾಳೂರಿನ ಕಥೆಯಂತೆ. ಸದಾ ಮಳೆ ಬೀಳುವ ಒಂದು ನಗರದ ಟ್ರ್ಯಾಕ್ ಇದೆ, ಅದರಲ್ಲಿ ಒಂದು ಹೆಣ್ಣು ದನಿ ಮಾತಿಲ್ಲದೆ ಹಾಡುತ್ತದೆ. ನಮ್ಮ ಯಜಮಾನರು ರಾತ್ರಿ ಶಟರ್ ಎಳೆಯಲು ಬಂದವರು ಅದನ್ನು ಕೇಳಿ, 'ಏನಪ್ಪಾ, ಯಾರದಾದ್ರೂ ತಿಥಿ ಆಲ್ಬಂ ಮಾಡ್ತಿದೀಯೋ ಹೆಂಗೆ' ಅಂದರು. ಅವರ ಮಾತಲ್ಲಿ ಸತ್ಯ ಇದೆ. ಸಂತೋಷದ ಮನೆಗೆ ಇದು ಆಗುವುದಿಲ್ಲ. ಆದರೆ ಯಜಮಾನರೇ ಅಷ್ಟು ಹೇಳಿ ಹೋಗದೆ ಸ್ಟೂಲ್ ಎಳೆದುಕೊಂಡು ಕೂತು ಪೂರ್ತಿ ಟ್ರ್ಯಾಕ್ ಕೇಳಿಯೇ ಹೋದರು, ಅದನ್ನೂ ಬರೆಯಬೇಕು.

ನಾಳೆ ಬೆಳಗ್ಗೆ ಡೆಲಿವರಿ, ಇನ್ನೂ ಇಪ್ಪತ್ತು ಶೀಟ್ ಬಾಕಿ ಅನ್ನುವಾಗ ಮೇಲಿನ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಆಗ 2016ರ ಡೂಮ್. ಸಂಗೀತ ಮಿಕ್ ಗಾರ್ಡನ್. ಒಂಬತ್ತು ತಂತಿಯ ಗಿಟಾರು, ಗ್ರೈಂಡರಿಗೆ ಕಲ್ಲು ಹಾಕಿದಂಥ ಸದ್ದು. ಗೇಮ್‌ನಲ್ಲಿ ಇದು ತುಂಡು ತುಂಡಾಗಿ ಇದ್ದು, ಹೊಡೆದಾಟ ಏರಿದ ಹಾಗೆ ತುಂಡುಗಳು ತಾನಾಗಿ ಸೇರಿಕೊಳ್ಳುತ್ತವೆ, ಸೌಂಡ್‌ಟ್ರ್ಯಾಕ್‌ಗೆ ಅವನ್ನು ಕೂಡಿಸಿ ಒಂದು ಹಾಡಿನ ಆಕಾರ ಕೊಟ್ಟಿದ್ದಾರೆ. ಇದೇ ಥರ ತುಂಡು ಕೂಡಿಸುವ ಕೆಲಸವನ್ನು 2010ರ ರೆಡ್ ಡೆಡ್ ರಿಡೆಂಪ್ಷನ್‌ನಲ್ಲಿ ಬಿಲ್ ಎಲ್ಮ್, ವುಡಿ ಜಾಕ್ಸನ್ ಇನ್ನೊಂದು ರೀತಿ ಮಾಡಿದ್ದಾರೆ. ಹೆಚ್ಚುಕಮ್ಮಿ ಎಲ್ಲವನ್ನೂ ಒಂದೇ ಶ್ರುತಿ, ಒಂದೇ ವೇಗದಲ್ಲಿ ನುಡಿಸಿ ಇಟ್ಟರು, ಯಾವ ತುಂಡಿನ ಮೇಲೆ ಯಾವುದು ಬಂದರೂ ಅಪಸ್ವರ ಆಗದ ಹಾಗೆ. ಕುದುರೆ ಮೇಲೆ ಸುಮ್ಮನೆ ಹೋಗುತ್ತಿದ್ದಾಗ ಒಂದು ಬೇಸ್, ಗುಂಡು ಹಾರಿದಾಗ ಅದಕ್ಕೇ ಡ್ರಮ್ ಸೇರಿಕೊಳ್ಳುತ್ತದೆ. ಬುದ್ಧಿವಂತಿಕೆ ಮೆಚ್ಚಬೇಕು. ಆದರೆ ಗೇಮ್ ಇಲ್ಲದೆ ಕೂತು ಕೇಳಿದರೆ ಅದೇ ಶ್ರುತಿ, ಅದೇ ನಡೆ, ಅರ್ಧ ಗಂಟೆಗೆ ಸಾಕು ಅನಿಸಿತು ನನಗೆ. ಇನ್ನೂ ಕೆಲವು ಭಾರಿ ಬಜೆಟ್ಟಿನ ಗೇಮ್‌ಗಳ ಸಂಗೀತ ಕೇಳಿದೆ, ದೊಡ್ಡ ಆರ್ಕೆಸ್ಟ್ರಾ, ದೊಡ್ಡ ಕೋರಸ್, ಢಂ ಢಂ ಅಂತ ನಗಾರಿ. ಒಂದರ ಟ್ರ್ಯಾಕ್ ಇನ್ನೊಂದರಲ್ಲಿ ಸೇರಿಸಿದರೆ ಗೊತ್ತಾಗುವುದಿಲ್ಲ. ಹೆಸರು ನೆನಪಿಲ್ಲ, ನೆನಪಿಡಬೇಕು ಅಂತಲೂ ಅನಿಸಲಿಲ್ಲ.

ಅಂಡರ್‌ಟೇಲ್ ಬಗ್ಗೆ ನನ್ನ ಅಭಿಪ್ರಾಯಕ್ಕೆ ಹುಡುಗರು ಕಲ್ಲು ಹೊಡೆಯುತ್ತಾರೆ, ಇರಲಿ. 2015ರದ್ದು, ಟೋಬಿ ಫಾಕ್ಸ್ ಅನ್ನುವವರು ಗೇಮ್ ಮಾಡಿದ್ದೂ ಬಹುಪಾಲು ತಾವೇ, ಸಂಗೀತವೂ ತಾವೇ, 101 ಟ್ರ್ಯಾಕ್. ಒಂದೇ ರಾಗವನ್ನು ವೇಷ ಬದಲಿಸಿ ಹತ್ತು ಕಡೆ ತಂದಿದ್ದಾರೆ, ಒಂದು ಕಡೆ ನಗಿಸಿದ್ದು ಇನ್ನೊಂದು ಕಡೆ ಅಳಿಸುತ್ತದೆ. ಆದರೆ ಆ ವೇಷ ಯಾರದ್ದು, ಯಾಕೆ ಬಂತು ಅನ್ನುವುದು ಆಡಿದವರಿಗೇ ಗೊತ್ತು. ಅನೇಕ ಟ್ರ್ಯಾಕ್ ಅರ್ಧ ನಿಮಿಷಕ್ಕೆ ಮುಗಿಯುತ್ತವೆ, ಆಡದವನಿಗೆ ಬೇರೆಯವರ ಮನೆಯ ಫೋಟೋ ಆಲ್ಬಂ ತಿರುವಿದ ಹಾಗೆ. ದಿನವೂ ಅದೇ ಕೆಲಸ ಮಾಡುವ ನಾನು ಈ ಮಾತು ಹೇಳಬಹುದು. ಆಡಿದವರು ಕೊಳ್ಳಲಿ, ಆಡದವರು ಆರಿಸಿ ಕೇಳಲಿ.

ನಮ್ಮೂರಿನ ಎಂಸಿಸಿ ಬಿ ಬ್ಲಾಕ್ ಕಡೆ ಪಿಜಿಗಳಲ್ಲಿ ಇರುವ ಹುಡುಗರಿಗೆ ಗೇಮ್ ಮ್ಯೂಸಿಕ್ ಅಂದರೆ ಪಬ್ಜಿ ಲಾಬಿಯದ್ದೇ, ಮ್ಯಾಚ್‌ಗೆ ಮೊದಲು ಕಾಯುವ ಜಾಗದ್ದು. ಆ ಥೀಮ್ ಮಾಡಿದ್ದು ಟಾಮ್ ಸಾಲ್ಟಾ. ಗೆಳೆಯರು ಒಬ್ಬೊಬ್ಬರಾಗಿ ಸೇರುವವರೆಗೆ ಕಾಯುವಾಗ ಅದು ಸರಿ, ಬೇರೆ ಹೊತ್ತಲ್ಲಿ ಹಾಕಿದರೆ ಇನ್ನೂ ಮ್ಯಾಚ್ ಶುರುವಾಗಿಲ್ಲವಲ್ಲ ಅಂತ ಚಡಪಡಿಕೆ. ವೈಸ್ ಸಿಟಿ ಗೇಮ್‌ನ ಒಳಗೆ ಕಾರಿನಲ್ಲಿ ಬರುವ ರೇಡಿಯೋ ಹಾಡುಗಳನ್ನು ಸೇರಿಸಿ ಅಂತ ಒಬ್ಬ ಹೇಳಿದ. ಅವು ಮೊದಲೇ ಇದ್ದ ಎಂಬತ್ತರ ದಶಕದ ಹಾಡುಗಳು, ಗೇಮ್‌ನವರು ಹಕ್ಕು ಕೊಂಡು ಹಾಕಿಕೊಂಡಿದ್ದು. ಈ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮ ದೇಶದ್ದು ಏನಾದರೂ ಇದೆಯಾ ಅಂತ ಹುಡುಕಿದಾಗ ಸಿಕ್ಕಿದ್ದು ರಾಜಿ. ಪುಣೆಯ ನೋಡಿಂಗ್ ಹೆಡ್ಸ್ ಗೇಮ್ಸ್‌ನವರು 2020ರಲ್ಲಿ ತಂದ ಗೇಮ್, ದುರ್ಗೆ, ಅಸುರರು, ತಮ್ಮನನ್ನು ಹುಡುಕುವ ಅಕ್ಕ. ತಮಾಷೆ ಅಂದರೆ ಸಂಗೀತ ಮಾಡಿದ್ದು ಗ್ರೀಸ್ ದೇಶದ ಲಿನೋಸ್ ಟ್ಸೆಲೋಸ್. ಹೊರಗಿನವರು ನಮ್ಮ ವಾದ್ಯ ಮುಟ್ಟಿದರೆ ಸಾಮಾನ್ಯವಾಗಿ ಏರ್‌ಪೋರ್ಟಿನ ಯೋಗ ಜಾಹೀರಾತು ಆಗಿಬಿಡುತ್ತದೆ. ಇಲ್ಲಿ ಹಾಗಾಗಿಲ್ಲ. ಕೆಲವು ಕಡೆ ಅತಿ ಆಯಿತು ಅನಿಸಿದರೂ ನಿಧಾನದ ಟ್ರ್ಯಾಕ್‌ಗಳು ನಿಲ್ಲುತ್ತವೆ. ಇದಕ್ಕೂ ಜಾಸ್ತಿ ಖುಷಿ ಕೊಟ್ಟಿದ್ದು ಬಾಬಾ ಯೇಟು. 2005ರ ಸಿವಿಲೈಸೇಷನ್ 4 ಗೇಮ್‌ನ ಮೆನುವಿಗೆ ಅಂತ ಕ್ರಿಸ್ಟೋಫರ್ ಟಿನ್ ಮಾಡಿದ ಹಾಡು, ಕ್ರೈಸ್ತರ ಪ್ರಾರ್ಥನೆ ಆಫ್ರಿಕಾದ ಸ್ವಾಹಿಲಿ ಭಾಷೆಯಲ್ಲಿ. ಆಟ ಶುರುವಾಗುವ ಮೊದಲು ಬಟನ್ ಒತ್ತುವ ಜಾಗಕ್ಕೆ ಮಾಡಿದ್ದು 2011ರಲ್ಲಿ ಗ್ರ್ಯಾಮಿ ತಂದಿತು, ಗೇಮ್‌ಗೆ ಮಾಡಿದ ಸಂಗೀತಕ್ಕೆ ಮೊದಲನೆಯದು. ಸ್ವಾಹಿಲಿ ಒಂದಕ್ಷರ ಬಾರದು, ಆದ್ದರಿಂದ ಸಾಹಿತ್ಯ ಗಮನ ಕೆಡಿಸುವ ಭಯವೂ ಇಲ್ಲ. ಬೆಳಗ್ಗೆ ಅಂಗಡಿಯಲ್ಲಿ ಊದುಬತ್ತಿ ಹಚ್ಚಿದ ಮೇಲೆ ಮೊದಲು ಇದನ್ನೇ ಹಾಕುವುದು ಈಗ ಅಭ್ಯಾಸ.

ಕೊಳ್ಳುವುದು ಎಲ್ಲಿ? ನನಗೆ ಹಿಡಿಸಿದ್ದು ಬ್ಯಾಂಡ್‌ಕ್ಯಾಂಪ್ ಅನ್ನುವ ಸೈಟು. ಮೈನ್‌ಕ್ರಾಫ್ಟ್‌ನದ್ದು, ಹಾಲೋ ನೈಟ್, ಅಂಡರ್‌ಟೇಲ್ ಎಲ್ಲ ಅಲ್ಲಿ ಸಂಗೀತ ಮಾಡಿದವರೇ ಇಟ್ಟಿದ್ದಾರೆ. ಡಿಜಿಟಲ್ ಮಾರಾಟದಲ್ಲಿ ಸೈಟಿನವರು 10ರಿಂದ 15 ಪರ್ಸೆಂಟ್ ಹಿಡಿಯುತ್ತಾರೆ, ಪೇಮೆಂಟ್ ಖರ್ಚು ಕಳೆದು ಉಳಿದದ್ದು ಸಂಗೀತ ಮಾಡಿದವರಿಗೆ ಹೋಗುತ್ತದೆ. ಎಂಪಿ3 ಬೇಕೋ, ಗುಣಮಟ್ಟ ಕೆಡದ ಫ್ಲ್ಯಾಕ್ ಬೇಕೋ ನೀವೇ ಆರಿಸಬಹುದು, ಫೈಲ್ ನಿಮ್ಮ ಹಾರ್ಡ್‌ಡಿಸ್ಕ್‌ನಲ್ಲಿ ಕೂರುತ್ತದೆ, ಆ್ಯಪ್ ಚಂದಾ ನಿಂತರೂ ಹೋಗುವುದಿಲ್ಲ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲೂ ಸಿಗುತ್ತವೆ, ಬೆಲೆ ರೂಪಾಯಿಯಲ್ಲೇ ಇರುತ್ತದೆ, 2020ರಿಂದ ಗೇಮ್ ಕೊಳ್ಳದೆ ಸೌಂಡ್‌ಟ್ರ್ಯಾಕ್ ಒಂದನ್ನೇ ಕೊಳ್ಳಬಹುದು. ಸೇಲ್ ಬಂದಾಗ ನೋಡಿ, ಬೆಲೆ ಚೆನ್ನಾಗಿಯೇ ಇಳಿಯುತ್ತದೆ. ಸ್ಟಾರ್‌ಡ್ಯೂ ವ್ಯಾಲಿಯದ್ದನ್ನು ನಾನು ಹಾಗೆ ತೆಗೆದುಕೊಂಡೆ. ಎರಿಕ್ ಬರೋನ್ ಒಬ್ಬರೇ ಕೂತು ಗೇಮನ್ನೂ ಸಂಗೀತವನ್ನೂ ಮಾಡಿ 2016ರಲ್ಲಿ ಬಿಟ್ಟಿದ್ದು, ಹೊಲ ಮನೆ ಬೇಸಾಯದ ಆಟ, ಒಂದೊಂದು ಕಾಲಕ್ಕೆ ಒಂದೊಂದು ರಾಗ. ಅಪ್ಪನಿಗೆ ಕೇಳಿಸಿದೆ. 'ಹೊಲದಾಗ ಇಷ್ಟು ನೆಮ್ಮದಿ ಎಲ್ಲೈತಪ್ಪ' ಅಂದರು, ಆದರೆ ಬಂದ್ ಮಾಡು ಅನ್ನಲಿಲ್ಲ.

ಇಯರ್‌ಫೋನ್‌ಗೆ ಜಾಸ್ತಿ ಖರ್ಚು ಮಾಡಬೇಡಿ. ವೈರ್ ಇರುವ ಸಾಧಾರಣದ್ದು ಸಾಕು. ಹಳೆಯ ಚಿಪ್ ಮ್ಯೂಸಿಕ್‌ಗೆ ಮೊಬೈಲ್ ಸ್ಪೀಕರ್ರೇ ಚೆನ್ನ, ಬೇಸ್ ಜಾಸ್ತಿ ಇರುವ ಹೆಡ್‌ಫೋನಿನಲ್ಲಿ ಅದರ ಚೂಪು ದನಿ ಕಿವಿಗೆ ಚುಚ್ಚುತ್ತದೆ. ಜರ್ನಿಗೆ ಮಾತ್ರ ಇದ್ದದ್ದರಲ್ಲಿ ಒಳ್ಳೆಯದು ಹಾಕಿಕೊಳ್ಳಿ.

ಜಪಾನಿನಲ್ಲಿ ಡ್ರ್ಯಾಗನ್ ಕ್ವೆಸ್ಟ್ ಅನ್ನುವ ಗೇಮ್‌ನ ಸಂಗೀತವನ್ನು 1987ರಲ್ಲೇ ಸಭಾಂಗಣದಲ್ಲಿ ವಾದ್ಯಗಾರರನ್ನು ಕೂರಿಸಿ ನುಡಿಸಿದ್ದರು. 2021ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಎಲ್ಲ ದೇಶದವರು ಮೈದಾನಕ್ಕೆ ನಡೆದು ಬಂದದ್ದೇ ಗೇಮ್ ಸಂಗೀತಕ್ಕೆ, ಶುರುವಿಗೆ ಅದೇ ಡ್ರ್ಯಾಗನ್ ಕ್ವೆಸ್ಟ್. ನಮ್ಮಲ್ಲಿ ಗಣೇಶನ ಹಬ್ಬಕ್ಕೆ ರಸಮಂಜರಿ ಮಾಡುವ ಕೀಬೋರ್ಡ್ ಹುಡುಗರಿಗೆ ಕೈ ಎಂಥಾ ಚುರುಕು ಅಂದರೆ, ಹಾಡುಗಾರ ನೀರು ಕುಡಿಯುವ ಗ್ಯಾಪಲ್ಲಿ ಮಾರಿಯೋ ಬಾರಿಸಿದರೆ ಮುಂದಿನ ಸಾಲಿನ ಅರ್ಧ ಜನ ಎದ್ದು ನಿಲ್ಲುತ್ತಾರೆ. ಯಾರಾದರೂ ಮಾಡಿ ನೋಡಿ.

ನಮ್ಮ ಕಸುಬಿನವರಿಗೆ ಒಂದು ಮಾತು. ದುಡ್ಡು ಕೊಟ್ಟು ಕೊಂಡಿದ್ದೇನೆ, ಮದುವೆ ವಿಡಿಯೋಗೆ ಹಾಕಬಹುದು ಅಂದುಕೊಳ್ಳಬೇಡಿ. ಕೊಂಡಿದ್ದು ಕೇಳುವುದಕ್ಕೆ ಮಾತ್ರ, ವಿಡಿಯೋಗೆ ಜೋಡಿಸುವ ಹಕ್ಕು ಬೇರೆ. ನಮ್ಮ ಪಕ್ಕದ ವಿಡಿಯೋ ಎಡಿಟರ್ ಒಬ್ಬ ಡ್ರೋನ್ ಶಾಟ್‌ಗೆ ಭರ್ಜರಿ ಗೇಮ್ ಟ್ರ್ಯಾಕ್ ಹಾಕಿ ಅಪ್‌ಲೋಡ್ ಮಾಡಿದ, ಕಾಪಿರೈಟ್ ನೋಟಿಸ್ ಬಂದು ವಿಡಿಯೋದ ಸದ್ದೇ ಹೋಯಿತು. ಆಮೇಲೆ ಅವನು ಊರಿನ ಒಬ್ಬ ಕೀಬೋರ್ಡ್‌ನವನನ್ನು ಕೂರಿಸಿ ಅದೇ ಭಾವದ ಬೇರೆ ರಾಗ ಮಾಡಿಸಿದ, ಚೆನ್ನಾಗಿಯೇ ಬಂತು, ಸುತ್ತಿ ಸುತ್ತಿ ಬರುವ ಹಾಗೆ, ಗೇಮ್ ಥರವೇ. ಮದುಮಗಳ ಅಪ್ಪ ಪೂರ್ತಿ ವಿಡಿಯೋ ನೋಡಿ ಕೇಳಿದ್ದು ಒಂದೇ ಮಾತು: 'ಎಲ್ಲಾ ಸರಿ, ನಮ್ ವಾಲಗದ್ ಸದ್ದು ಎಲ್ರೀ?'